ಅಪ್ಪನ ಲಾಗ್‌ಶೀಟಿನ ಕೊನೆಯ ಕಾಲಂ

ತಿಂಡಿ ತಿನ್ನುತ್ತಾ ಫೋನ್ ನೋಡುವವರು ಮೊದಲು ತಿಂಡಿ ಮುಗಿಸಿ ಬನ್ನಿ. ಇದರಲ್ಲಿ ಕಕ್ಕಸಿನ ವಿಷಯ ಬಹಳ ಬರುತ್ತದೆ. ಆಮೇಲೆ ಕಾಮೆಂಟಿನಲ್ಲಿ "ಛೀ ಮೇಡಂ" ಅಂದರೆ ನಾನು ಜವಾಬ್ದಾರಳಲ್ಲ.

ಹೋದ ವಾರ ಶಿವಮೊಗ್ಗದ ವಿನೋಬನಗರಕ್ಕೆ ಹೋಗಿದ್ದೆ. ನಾವು ಬಾಡಿಗೆಗಿದ್ದ ಮನೆ ಈಗಿಲ್ಲ. ಅಲ್ಲಿ ಮೂರು ಮಹಡಿ ಎದ್ದು, ಕೆಳಗೆ ಮೊಬೈಲ್ ಅಂಗಡಿ ಬಂದಿದೆ. ಮೂಲೆಯ ಮೆಡಿಕಲ್ ಶಾಪ್ ಮಾತ್ರ ಹಾಗೇ ಇದೆ. ನನ್ನ ಬಿಪಿ ಮಾತ್ರೆಗೆಂದು ನಿಂತಿದ್ದಾಗ ಪಕ್ಕದಲ್ಲಿದ್ದ ಗಂಡಸೊಬ್ಬರು ಚೀಟಿ ಮುಂದೆ ಮಾಡಿ, "ನೋವಿನ ಮಾತ್ರೆ ಅಷ್ಟೇ ಕೊಡಿ. ಕೆಳಗೆ ಬರ್ದಿರೋ ಹೊಟ್ಟೆದು ಬೇಡ. ನಮ್ಮಮ್ಮಂಗೆ ಹೊಟ್ಟೆ ಸರಿಯಾಗೇ ಇದೆ" ಅಂದರು. ಚೀಟಿ ಕಣ್ಣಿಗೆ ಬಿತ್ತು. ಮಾರ್ಫಿನ್ ಜಾತಿಯದೇ ಒಂದು ಮಾತ್ರೆ. ನನಗೆ ತಡೆಯಲಾಗಲಿಲ್ಲ. ಮುಖಪರಿಚಯವೂ ಇಲ್ಲದ ಮನುಷ್ಯನ ತೋಳು ಹಿಡಿದು, "ಸಾರ್, ಮೊದ್ಲು ಹೊಟ್ಟೆದು ತಗೊಳ್ಳಿ" ಅಂದೆ. ಅವರು ನನ್ನನ್ನು ಹುಚ್ಚಿಯ ಹಾಗೆ ನೋಡಿದರು. ನೋಡಲಿ. ತಗೊಂಡರು, ಅಷ್ಟು ಸಾಕು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಒಂದು ಬೇಸಿಗೆಯೇ ತಲೆಯಲ್ಲಿ.

ಎರಡು ಸಾವಿರ ಇಸವಿ ದಾಟಿ ಎರಡು ಮೂರು ವರ್ಷ ಆಗಿರಬೇಕು. ನಮ್ಮಪ್ಪ ರುದ್ರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫರ್ನೇಸ್ ಮುಂದೆ ನಿಂತು ರಿಟೈರ್ ಆದವರು. ಅದೇ ಊರಿನ ಜನ್ನಾಪುರದಲ್ಲಿ ಪುಟ್ಟ ಸ್ವಂತ ಮನೆ. ಅಲ್ಲಿ ಅಪ್ಪ, ಅಮ್ಮ ಇಬ್ಬರೇ ಹಾಯಾಗಿದ್ದರು. ಆಗ ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂತು. ಗೊತ್ತಾಗುವ ಹೊತ್ತಿಗೆ ಅದು ಬೆನ್ನುಮೂಳೆಗೆ ಹಬ್ಬಿಯಾಗಿತ್ತು. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಯಲ್ಲಿ ರೇಡಿಯೇಷನ್ ಕರೆಂಟು ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಕೊನೆಗೆ ಅಲ್ಲಿನ ಡಾಕ್ಟರು ಸುತ್ತಿ ಬಳಸದೆ ಹೇಳಿದರು: "ಕಾಯಿಲೆ ವಾಸಿ ಮಾಡೋದು ನಮ್ಮ ಕೈಲಿಲ್ಲ. ನೋವು ಕಮ್ಮಿ ಮಾಡೋದು ಇದೆ. ಅದನ್ನಾದ್ರೂ ಸರಿಯಾಗಿ ಮಾಡೋಣ."

ನೋವು ಎಂಥದಿತ್ತು ಅಂದರೆ, ಅಪ್ಪನಿಗೆ ಕೂರಲೂ ಆಗುತ್ತಿರಲಿಲ್ಲ, ಮಲಗಲೂ ಆಗುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು, ಟವೆಲ್ ಕಚ್ಚಿಕೊಂಡು ನಿಲ್ಲುತ್ತಿದ್ದರು. ಫರ್ನೇಸಿನ ಕಿಡಿ ಬಿದ್ದು ತೋಳು ಸುಟ್ಟಾಗ ಬರ್ನಾಲ್ ಹಚ್ಚಿಕೊಂಡು ಊಟಕ್ಕೆ ಕೂತ ಮನುಷ್ಯ ಅವರು. ಅಂಥವರು ಟವೆಲ್ ಕಚ್ಚುವುದನ್ನು ನೋಡಿದ ಮೇಲೆ ದೇವರ ಕೋಣೆಯಲ್ಲಿ ನನ್ನದು ಒಂದೇ ಬೇಡಿಕೆ ಉಳಿದಿತ್ತು. ಅಪ್ಪ ಬದುಕಲಿ ಅಂತ ಕೇಳುವುದನ್ನು ಬಿಟ್ಟಿದ್ದೆ. ಎಷ್ಟು ದಿನ ಇರುತ್ತಾರೋ ಅಷ್ಟು ದಿನ ಹೀಗೆ ಇರುವುದು ಬೇಡ ಅಂತ ಕೇಳುತ್ತಿದ್ದೆ.

ಶಿವಮೊಗ್ಗದ ಡಾಕ್ಟರಿಗೆ ಆಗಾಗ ತೋರಿಸಬೇಕಿತ್ತು. ಹಾಗಾಗಿ ಶಿವರಾತ್ರಿ ಮುಗಿದ ವಾರ ಇಬ್ಬರನ್ನೂ ನಮ್ಮನೆಗೆ ಕರೆತಂದೆ. ಮಗಳ ಮನೆಯಲ್ಲಿ ಒಂದು ರಾತ್ರಿಗಿಂತ ಹೆಚ್ಚು ಉಳಿಯದ ಅಪ್ಪ ಬಾಗಿಲಲ್ಲೇ ನಿಂತು ನನ್ನ ಗಂಡನಿಗೆ, "ನಿಮಗೆ ತೊಂದ್ರೆ ಕೊಡೋಕೆ ಬಂದ್ವಿ" ಅಂದರು. ಇವರು ಮೊದಲೇ ಮಾತು ಕಮ್ಮಿ. ಸುಮ್ಮನೆ ಬ್ಯಾಗ್ ಇಸ್ಕೊಂಡು ಒಳಗಿಟ್ಟರು.

ಡಾಕ್ಟರು ಬರೆದ ಮಾರ್ಫಿನ್ ಮಾತ್ರೆ ನೋಡಿದ್ದೇ ಅಮ್ಮನದು ಶುರುವಾಯಿತು.

"ಸುಮಾ, ಇದು ಅಫೀಮಿಂದಲ್ವೇನೇ? ಚಟ ಹತ್ತಿದ್ರೆ?"

"ಅಮ್ಮ, ಅಪ್ಪಂಗೆ ಚಟ ಹತ್ತೋಕೆ ಟೈಮ್ ಎಲ್ಲಿದೆ?" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನನ್ನ ಬಾಯಿಯೇ ಹಾಗೆ.

ಜಗಳ ಬಿಡಿಸಿದ್ದು ಎರಡು ಮನೆ ಆಚೆಗಿದ್ದ ಸೆಲ್ವಿ ಸಿಸ್ಟರ್. ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು, ಅವರಪ್ಪನೂ ಅದೇ ಕಾರ್ಖಾನೆ. ಇಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ. ಮೊದಲು ಬೆಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳ ವಾರ್ಡಿನಲ್ಲಿ ಕೆಲವು ವರ್ಷ ಇದ್ದವರು. ಚೀಟಿ ಓದಿ ಮೂರು ಡಬ್ಬಿ ಸಾಲಾಗಿ ಇಟ್ಟರು.

"ಇದು ನೋವಿಗೆ, ನಾಲ್ಕು ಗಂಟೆಗೊಂದ್ಸಲ. ನೋವು ಬರ್ಲಿ ಅಂತ ಕಾಯ್ಬಾರ್ದು. ಇದು ವಾಂತಿಗೆ, ಒಂದು ವಾರ ಸಾಕು. ಇದು ಮೋಷನ್ ಆಗೋಕೆ, ದಿನಾ ರಾತ್ರಿ. ಮೂರೂ ಒಂದೇ ಫ್ಯಾಮಿಲಿಮ್ಮಾ. ಒಂದನ್ನ ಕರ್ದು ಇನ್ನೊಂದನ್ನ ಬಿಟ್ರೆ ಮನೇಲಿ ಗಲಾಟೆ ಆಗುತ್ತೆ. ಮೊದಲ ಎರಡು ಮೂರು ದಿನ ತುಂಬಾ ನಿದ್ದೆ ಮಾಡ್ತಾರೆ, ಹೆದರ್ಕೋಬೇಡಿ. ಆದ್ರೆ ಕರೆದ್ರೆ ಏಳ್ತಾರಾ, ಉಸಿರಾಟ ಸರಿಯಾಗಿದೆಯಾ ಅಂತ ನೋಡ್ತಾ ಇರಿ."

ಮೂರನೇ ಡಬ್ಬಿಯನ್ನು ಅಪ್ಪ ಒಂದೇ ಬೆರಳಲ್ಲಿ ಪಕ್ಕಕ್ಕೆ ತಳ್ಳಿದರು. "ಇದು ನನಗ್ಯಾಕಮ್ಮ? ಮೂವತ್ತು ವರ್ಷ ಮೂರು ಶಿಫ್ಟೂ ಮಾಡಿದೀನಿ. ಒಂದಿನ ಟೈಮ್ ತಪ್ಪಿಲ್ಲ." ಸೆಲ್ವಿ ಸಿಸ್ಟರ್ ಡ್ಯೂಟಿಗೆ ಹೊರಟ ಮೇಲೆ ನಾವೂ ಅಪ್ಪನ ಪಕ್ಷ ಸೇರಿದೆವು. ಇಷ್ಟೊಂದು ಮಾತ್ರೆ ಯಾಕೆ, ಬಾಳೆಹಣ್ಣು ಇದೆ, ಇಸಬ್‌ಗೋಲ್ ಇದೆ. ನಾವು ಜಾಣರು.

ಮೊದಲ ಡೋಸ್ ಬಿದ್ದು ಅಪ್ಪ ಮಲಗಿದರು. ಮಲಗಿಯೇ ಇದ್ದರು. ಮಾತ್ರೆಗೆ ಎಬ್ಬಿಸಿದರೆ ಕಣ್ಣು ಬಿಟ್ಟು ನುಂಗಿ, ಎರಡು ಗುಟುಕು ಗಂಜಿ ಕುಡಿದು ಮತ್ತೆ ಗೊರಕೆ. ಎಷ್ಟು ತಿಂಗಳ ನಿದ್ದೆ ಬಾಕಿಯಿತ್ತೋ. ಎರಡನೇ ದಿನ ನಾನು ಶಾಲೆಗೆ ಪಾಠ ಮಾಡಲು ಹೋದೆ. ಸಂಜೆ ಬಂದು ನೋಡಿದರೆ ಮನೆ ಮುಂದೆ ಹನ್ನೆರಡು ಜೊತೆ ಚಪ್ಪಲಿ!

ಅಮ್ಮ ತರೀಕೆರೆಯ ನಮ್ಮತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಫೋನ್ ಮಾಡಿ "ಇನ್ನು ಏಳಲ್ಲ ಅನ್ಸುತ್ತೆ" ಅಂದುಬಿಟ್ಟಿದ್ದಳು. ಅತ್ತೆ ಒಂದು ಟೆಂಪೋ ಜನ ತುಂಬಿಕೊಂಡು ಬಂದಿದ್ದರು. ವಿಭೂತಿ ಹಚ್ಚಿಯಾಗಿತ್ತು. ಬಾಯಿಗೆ ಚಮಚದಲ್ಲಿ ತೀರ್ಥ ಬಿಡುತ್ತಾ ಅತ್ತೆ ರಾಗ ತೆಗೆದರು. "ಅಯ್ಯೋ ನನ್ ತಮ್ಮಾ, ನನ್ನ ಬಿಟ್ಟು ಹೊರಟ್ಯಲ್ಲೋ..."

ಅಪ್ಪ ಕೆಮ್ಮಿ, ಕಣ್ಣು ಬಿಟ್ಟರು. ಸುತ್ತ ನಿಂತಿದ್ದ ಸೋದರತ್ತೆ, ದಾಯಾದಿ, ಅವರ ಬೀಗರು, ಎಲ್ಲರನ್ನೂ ನಿಧಾನಕ್ಕೆ ನೋಡಿದರು.

"ಯಾರು ಹೋಗಿದ್ದು?" ಅಂದರು.

ಅತ್ತೆ ಚಮಚ ಕೆಳಗಿಟ್ಟರು. ಆಮೇಲೆ ಅಪ್ಪನೇ, "ನೀರು ಕೊಡೋದಾದ್ರೆ ಲೋಟದಲ್ಲಿ ಕೊಡಕ್ಕ. ಬಾಯಿ ಒಣಗಿ ಕಟ್ಟಿಗೆ ಆಗಿದೆ" ಅಂದರು. ಹನ್ನೆರಡು ಜನಕ್ಕೂ ಉಪ್ಪಿಟ್ಟು ಮಾಡಿ ಕಳಿಸಿದ್ದು ನಾನು.

ಮೂರನೇ ದಿನ ನಿದ್ದೆ ತಿಳಿಯಾಯಿತು. ಅಪ್ಪ ಎದ್ದು ಗೋಡೆಗೆ ಒರಗಿ ಕೂತರು. ಕೂತರು! ಅದನ್ನು ನೋಡಿ ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಸೆಲ್ವಿ ಸಿಸ್ಟರ್ ಬಂದು, "ಅಂಕಲ್, ನೋವು ಹತ್ತಕ್ಕೆ ಎಷ್ಟಿದೆ, ಮಾತ್ರೆ ಎಷ್ಟೊತ್ತಿಗೆ ತಗೊಂಡ್ರಿ, ಮೋಷನ್ ಆಯ್ತಾ, ಯಾರಾದ್ರೂ ದಿನಾ ಬರೆದಿಡ್ಬೇಕು" ಅಂದರು.

"ಲಾಗ್‌ಶೀಟ್ ತಾನೆ? ಅದನ್ನ ನನಗೆ ಬಿಡಿ" ಅಂದರು ಅಪ್ಪ. ಅಷ್ಟು ಖುಷಿಯ ಧ್ವನಿ ಕೇಳಿ ತಿಂಗಳುಗಳಾಗಿದ್ದವು.

ಕಾರ್ಖಾನೆಯಲ್ಲಿ ಫರ್ನೇಸಿನ ಶಾಖ, ಒತ್ತಡ, ಕರಗಿದ ಕಬ್ಬಿಣ ಹೊರಗೆ ಹರಿಸಿ ಟ್ಯಾಪ್ ಮಾಡಿದ ಹೊತ್ತು ಎಲ್ಲವನ್ನೂ ಗಂಟೆಗಂಟೆಗೆ ಹಾಳೆಯಲ್ಲಿ ತುಂಬಿ, ಶಿಫ್ಟ್ ಮುಗಿದಾಗ ಮುಂದಿನವನಿಗೆ ಓದಿ ಹೇಳಿ ಸಹಿ ಹಾಕಿಸಿಕೊಳ್ಳುವುದು ಅವರ ಕೆಲಸವಾಗಿತ್ತು. ನನ್ನ ಮಗಳ ಸ್ಕೇಲು, ಕೆಂಪು ನೀಲಿ ಪೆನ್ನು ಇಸ್ಕೊಂಡು ಗೆರೆ ಎಳೆದರು. ಸಮಯ, ಮಾತ್ರೆ, ನೋವು, ವಾಂತಿ, ನಿದ್ದೆ. ಕೊನೆಯ ಕಾಲಮ್ಮಿಗೆ ಮಾತ್ರ ಇಂಗ್ಲಿಷಿನಲ್ಲಿ ಮೋಷನ್ ಅಂತ ಬರೆದರು. ಕನ್ನಡದಲ್ಲಿ ಬರೆಯಲು ನಾಚಿಕೆ. ದಿನಾ ಸಂಜೆ ಅಮ್ಮನಿಗೆ ಓದಿ ಹೇಳಿ, "ಚಾರ್ಜ್ ತಗೊಂಡ್ಯಾ?" ಅನ್ನುವರು. "ತಗೊಂಡೆ ರೀ" ಅಂತ ಅಮ್ಮ ಸಹಿ ಹಾಕುವಳು.

ಎರಡನೇ ವಾರ ಅಪ್ಪನ ಊಟ ಕಮ್ಮಿಯಾಯಿತು. ಬಿಸಿಲು ಅಂದುಕೊಂಡೆವು. ಆ ಸಲದ ಬಿಸಿಲೂ ಹಾಗೇ ಇತ್ತು, ಹತ್ತು ಗಂಟೆಗೇ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಅಪ್ಪ ಆಕಳಿಸುತ್ತಿದ್ದರು, ಮೂಗು ಸೋರುತ್ತಿತ್ತು, ಬನಿಯನ್ ಬೆವರಿಗೆ ತೊಯ್ದಿದ್ದರೂ ಚಳಿ ಅನ್ನುತ್ತಿದ್ದರು. ಶೀತ ಅಂದುಕೊಂಡು ಅಮ್ಮ ಕಷಾಯ ಮಾಡಿದಳು. ಲಾಗ್‌ಶೀಟ್ ನೋಡಿದರೆ ಎಲ್ಲ ಸರಿ. ನೋವು ಎರಡು. ಮಾತ್ರೆಗೆಲ್ಲ ಟಿಕ್. ಕೊನೆಯ ಕಾಲಮ್ಮಿನಲ್ಲಿ ಬೆಳಗ್ಗೆ ಆರೂವರೆ, ನಾರ್ಮಲ್. ಅದರ ಕೆಳಗೆ ಡಿಟ್ಟೋ. ಅದರ ಕೆಳಗೆ ಡಿಟ್ಟೋ.

ಭಾನುವಾರ ನಾಯ್ಡು ಅಂಕಲ್ ಬಂದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅಪ್ಪನಿಂದ ಚಾರ್ಜ್ ತಗೊಂಡವರು ಇವರೇ. ತೆಲುಗಿನವರು, ಗಂಟಲು ದೊಡ್ಡದು. ಪ್ರತಿ ಭಾನುವಾರ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಅಪ್ಪನ ಜೊತೆ ಕೂತು ಹೋಗುವರು. ಅವತ್ತು ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾಯ್ಡು ಅಂಕಲ್ ಕನ್ನಡಕ ಏರಿಸಿ ಲಾಗ್‌ಶೀಟ್ ಓದಿದರು. ಇನ್ನೊಮ್ಮೆ ಓದಿದರು.

"ಏನಮ್ಮಾ ಸುಮಾ, ನಿಮ್ಮಪ್ಪ ಒಂದು ವಾರದಿಂದ ಆರೂವರೆಗೇ ಹೋಗ್ತಿದಾನಾ?"

"ಹೌದು ಅಂಕಲ್."

"ಒಂದು ನಿಮಿಷ ಆ ಕಡೆ ಈ ಕಡೆ ಇಲ್ದೆ? ಫರ್ನೇಸೇ ಒಂದಿನ ಹಿಂಗೆ ನಡೀಲಿಲ್ಲ, ಮನುಷ್ಯನ ಹೊಟ್ಟೆ ನಡೀತದಾ?" ಅಪ್ಪನ ಕಡೆ ತಿರುಗಿದರು. "ಲೇ ರುದ್ರ, ಇದು ನೀನು ಮೀಟರ್ ಹತ್ರ ಹೋಗ್ದೇ, ಕ್ಯಾಂಟೀನಲ್ಲಿ ಕೂತು ಬರೀತಿದ್ದ ರೀಡಿಂಗು. ಇಪ್ಪತ್ತು ವರ್ಷ ಸೈನ್ ಹಾಕಿದೀನಿ ಕಣೋ ಇದಕ್ಕೆ. ನಿಜ ಹೇಳು, ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು?"

ಅಪ್ಪ ಹೊದಿಕೆಯನ್ನು ಇನ್ನಷ್ಟು ಎಳೆದುಕೊಂಡರು. ನಾಯ್ಡು ಅಂಕಲ್ ಹೊದಿಕೆ ಸರಿಸಿದರು. ಹೊಟ್ಟೆ ಮಡಕೆಯ ಹಾಗೆ ಊದಿ ಬಿಗಿದಿತ್ತು. ದಿಂಬಿನ ಪಕ್ಕದ ಕನ್ನಡಕದ ಡಬ್ಬಿ ಕೆಳಗೆ ಬಿದ್ದು ಬಾಯಿ ತೆರೆಯಿತು. ಒಳಗಿನಿಂದ ಮಾರ್ಫಿನ್ ಮಾತ್ರೆಗಳು ನೆಲದ ಮೇಲೆ ಚೆಲ್ಲಿದವು. ಟಿಕ್ ಹಾಕಿ, ನುಂಗದೆ ಇಟ್ಟವು.

"ಏಳು ದಿನ ಆಯ್ತು" ಅಂದರು ಅಪ್ಪ ಗೋಡೆಗೆ ಹೇಳಿದ ಹಾಗೆ. "ಈ ಮಾತ್ರೆಯಿಂದಾನೇ ಆಗಿದ್ದು. ಎರಡು ದಿನದಿಂದ ಬಿಟ್ಟಿದೀನಿ. ನೋವು ನಂದು, ಹೆಂಗೋ ತಡ್ಕೋತೀನಿ. ಆದ್ರೆ ಕೂರೋಕಾಗ್ದೆ, ಅಳಿಯನ ಮನೆ ಕಕ್ಕಸಲ್ಲಿ ಯಾರೋ ನನ್ನ ಎತ್ತಿ ಹಿಡಿಯೋದು, ತೊಳಿಯೋದು... ಬೇಡ. ಅದು ಬೇಡ ಸುಮಾ."

ನಮ್ಮನೆಯದು ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಬೆನ್ನುಮೂಳೆಯ ಕ್ಯಾನ್ಸರಿನ ಮನುಷ್ಯ ಅಲ್ಲಿ ಹೇಗೆ ಕೂತಾರು? ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಬಾಳೆಹಣ್ಣು ಸುಲಿದು ಕೊಡುವುದರಲ್ಲೇ ನನ್ನ ಸೇವೆ ಮುಗಿದಿತ್ತು.

ನಾನು ಓಡಿದೆ. ಸೆಲ್ವಿ ಸಿಸ್ಟರ್ ಊಟದ ಕೈ ತೊಳೆದು ಹಾಗೇ ಬಂದರು. ಹೊಟ್ಟೆ ಮುಟ್ಟಿ ನೋಡಿದರು, ಡಾಕ್ಟರಿಗೆ ಫೋನ್ ಮಾಡಿ ಕೇಳಿಕೊಂಡರು. ಆಮೇಲೆ ನಮಗೆ ಪೂಜೆ ಶುರು.

"ಯಾರು ಹೇಳಿದ್ದು ಮಾರ್ಫಿನ್ ದಿಢೀರಂತ ನಿಲ್ಸಕ್ಕೆ? ಈ ಬೆವರು, ಆಕಳಿಕೆ ಎಲ್ಲಾ ಅದಕ್ಕೇ. ಶೀತ ಅಲ್ಲ, ಮಣ್ಣೂ ಅಲ್ಲ. ಆ ಹೊಟ್ಟೆ ಮಾತ್ರೆ ಯಾಕೆ ಸೀಲ್ ಒಡೆದಿಲ್ಲ?"

"ಇಸಬ್‌ಗೋಲ್ ಕೊಡ್ತಿದ್ವಲ್ಲ ಸಿಸ್ಟರ್..." ಅಂದೆ.

"ಕೊಡಿ, ಇನ್ನೂ ಕೊಡಿ! ಕರುಳು ಮಲಗ್ಬಿಟ್ಟಿದೆ, ತಳ್ಳೋರೇ ಇಲ್ಲ. ನೀವು ಮೇಲಿಂದ ಹೊಟ್ಟು ತುಂಬ್ತಿದೀರಾ. ನೀರೂ ಸರಿಯಾಗಿ ಕುಡೀತಿಲ್ಲ ಅವ್ರು. ಒಳಗೆ ಸಿಮೆಂಟ್ ಆಗದೆ ಇನ್ನೇನಾಗುತ್ತೆ? ಕರುಳನ್ನ ಎಬ್ಬಿಸೋ ಮಾತ್ರೆ ಬೇಕು, ಅದೂ ದಿನಾ. ನಿದ್ದೆ ಹೋಗುತ್ತೆ, ವಾಂತಿ ಹೋಗುತ್ತೆ, ಇದು ಮಾತ್ರ ಮಾರ್ಫಿನ್ ಇರೋವರ್ಗೂ ಇರುತ್ತೆ. ಕಟ್ಟಿದ ಮೇಲೆ ಔಷಧಿ ಹುಡುಕೋದಲ್ಲ ಮಾರಾಯ್ತಿ, ಮೊದಲ್ನೇ ದಿನದಿಂದ ಜೊತೇಲೇ ಕೊಡೋದು."

ಮೊದಲು ಒಂದು ಮಾರ್ಫಿನ್ ನುಂಗಿಸಿದರು. ನೋವು ಹಿಡಿತಕ್ಕೆ ಬರಲೆಂದು ಕಾದರು. ಆಮೇಲೆ ನಮ್ಮನ್ನು ಆಚೆ ಕಳಿಸಿ, ಕೈಗವಸು, ಎಣ್ಣೆ, ಬಿಸಿನೀರು ತಗೊಂಡು ಬಾಗಿಲು ಹಾಕಿಕೊಂಡರು. ಅಪ್ಪನ ಕೈ ಹಿಡಿದುಕೊಳ್ಳಲು ಒಳಗೆ ಉಳಿದದ್ದು ನಾಯ್ಡು ಅಂಕಲ್ ಒಬ್ಬರೇ.

ಮುಕ್ಕಾಲು ಗಂಟೆ. ಹಜಾರದಲ್ಲಿ ಅಮ್ಮ, ನಾನು, ಇವರು. ಒಳಗಿನಿಂದ ಅಪ್ಪನ ನರಳಿಕೆ, ಸೆಲ್ವಿ ಸಿಸ್ಟರರ "ಆಯ್ತು ಅಂಕಲ್, ಉಸಿರು ಬಿಡಿ, ನಾಚ್ಕೋಬೇಡಿ, ನನಗಿದು ದಿನದ ಕೆಲಸ" ಅನ್ನುವ ಮಾತು, ನಾಯ್ಡು ಅಂಕಲ್ ಅವರ ತೆಲುಗು ಬೈಗುಳ. ಕೊನೆಗೆ ಬಾಗಿಲು ತೆರೆದು ನಾಯ್ಡು ಅಂಕಲ್ ತಲೆ ಹೊರಗೆ ಹಾಕಿದರು. ಹಣೆಯೆಲ್ಲ ಬೆವರು.

"ಫರ್ನೇಸ್ ಟ್ಯಾಪ್ ಆಯ್ತಮ್ಮಾ. ಫುಲ್ ಹೀಟು!"

ಒಳಗೆ ಹೋದೆ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದರು, ಕಣ್ಣಿನ ಅಂಚಲ್ಲಿ ನೀರು. ಸೆಲ್ವಿ ಸಿಸ್ಟರ್ ಮುಚ್ಚಿದ ಬಕೆಟ್ ತಗೊಂಡು ತಾವೇ ಹಿತ್ತಲಿಗೆ ನಡೆದರು. ನಾನು ಇಸ್ಕೊಳ್ಳಲು ಹೋದರೆ, "ನೀನು ಕಾಫಿ ಇಡು, ಸ್ಟ್ರಾಂಗಾಗಿ" ಅಂದರು.

ಎಷ್ಟೋ ಜನರ ಕಾಲಿಗೆ ಬಿದ್ದಿದ್ದೇನೆ, ಮದುವೆಯಲ್ಲಿ, ಮಠದಲ್ಲಿ. ಮನಸ್ಸಿಟ್ಟು ಬೀಳಬೇಕು ಅನ್ನಿಸಿದ್ದು ಆ ಬಕೆಟ್ ಹಿಡಿದ ಕಾಲುಗಳಿಗೆ. ಬೀಳಲಿಲ್ಲ. ಕಾಫಿ ಇಟ್ಟೆ.

ಮಾರನೇ ದಿನ ಬೆಳಗ್ಗೆ ಹಿತ್ತಲಲ್ಲಿ ಗರಗಸದ ಸದ್ದು. ನೋಡಿದರೆ ನನ್ನ ಗಂಡ, ನಮ್ಮ ಮದುವೆಗೆ ಅಪ್ಪನೇ ಕೊಟ್ಟಿದ್ದ ಬೀಟೆ ಮರದ ಕುರ್ಚಿಯನ್ನು ಮಗುಚಿ ಹಾಕಿಕೊಂಡು, ನಡುವೆ ದುಂಡಗೆ ಕೊಯ್ಯುತ್ತಿದ್ದಾರೆ. ಅಂಚಿಗೆಲ್ಲ ಉಪ್ಪುಕಾಗದ ಉಜ್ಜಿ, ಸೈಕಲ್ ಟ್ಯೂಬ್ ಸುತ್ತಿದರು. ಕಾಲುಗಳನ್ನು ಕಕ್ಕಸಿನ ಗುಂಡಿಯ ಎರಡೂ ಬದಿಗೆ ಸರಿಯಾಗಿ ಕೂರಿಸಿದರು. ಕಾಲಿಡಲು ಒಂದು ಮಣೆ. ಆಮೇಲೆ ಅಪ್ಪನನ್ನು ಕರೆದು, "ಮಾವ, ಒಂದ್ಸಲ ಕೂತು ನೋಡಿ. ಅಲ್ಲಾಡುತ್ತಾ?" ಅಂದರು.

ಅಪ್ಪ ಬಟ್ಟೆ ಹಾಕಿಕೊಂಡೇ ಕೂತರು. ಎರಡೂ ಕೈಹಿಡಿ ಹಿಡಿದು ಆ ಕಡೆ ಈ ಕಡೆ ವಾಲಿದರು. "ಇಲ್ಲ, ಗಟ್ಟಿಯಾಗಿದೆ" ಅಂದರು. ಅಷ್ಟೇ. ಮಾವ ಅಳಿಯ ಅದರ ಬಗ್ಗೆ ಮತ್ತೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಪ್ಪ ಮಾತ್ರೆ ಬಚ್ಚಿಟ್ಟಿದ್ದೂ ಅದೇ ಕೊನೆ.

ಆಮೇಲೆ ಬಂದದ್ದು ನಮ್ಮ ಒಳ್ಳೆಯ ತಿಂಗಳುಗಳು. ರಾತ್ರಿ ಹೊಟ್ಟೆ ಮಾತ್ರೆ, ಬೆಳಗ್ಗೆ ಎದ್ದ ಕೂಡಲೇ ಬಿಸಿನೀರು, ಕಾಫಿ, ಕಾಫಿ ಆದ ಮೇಲೆ ಕುರ್ಚಿ. ಎರಡು ದಿನ ಆಗದಿದ್ದರೆ ಮೂರನೇ ದಿನಕ್ಕೆ ಕಾಯದೆ ಸೆಲ್ವಿ ಸಿಸ್ಟರಿಗೆ ಹೇಳುವುದು. ಬಾಯಿ ಒಣಗುತ್ತಿದ್ದುದಕ್ಕೆ ಅಮ್ಮ ಗಂಟೆಗೊಮ್ಮೆ ಎರಡೆರಡು ಗುಟುಕು ಮಜ್ಜಿಗೆ ಕೊಡುವಳು. ಮೈ ಕೆರೆತಕ್ಕೆ ತಣ್ಣೀರು ಬಟ್ಟೆ, ಕೊಬ್ಬರಿ ಎಣ್ಣೆ. ಡೋಸ್ ಏರಿಸಿದಾಗೆಲ್ಲ ಒಂದೆರಡು ದಿನ ತೂಕಡಿಕೆ. ಒಮ್ಮೆ ಗೋಡೆ ಮೇಲೆ ಇರುವೆ ಸಾಲು ಹೋಗುತ್ತಿದೆ ಅಂದರು. ಇರುವೆ ಇರಲಿಲ್ಲ. ಡಾಕ್ಟರಿಗೆ ಹೇಳಿ ಡೋಸ್ ಸ್ವಲ್ಪ ಸರಿಮಾಡಿಸಿದೆವು, ಇರುವೆ ಹೋದವು. ಅಪ್ಪ ಜಗುಲಿಯಲ್ಲಿ ಕೂತು ಪೇಪರ್ ಓದಿದರು. ಸೊಪ್ಪಿನವಳ ಜೊತೆ ಕಟ್ಟು ಸಣ್ಣದಾಯಿತೆಂದು ಜಗಳ ಮಾಡಿದರು. ನನ್ನ ಮಗಳಿಗೆ ಚದುರಂಗ ಕಲಿಸಿ ಮೋಸ ಮಾಡಿ ಗೆದ್ದರು. ಲಾಗ್‌ಶೀಟಿನಲ್ಲಿ ಕೊನೆಯ ಕಾಲಂ ಈಗ ವಿವರವಾಗಿ ತುಂಬುತ್ತಿತ್ತು, ಓದುವವರಿಗೆ ಬೇಡ ಅನ್ನಿಸುವಷ್ಟು.

ಮೇ ತಿಂಗಳಲ್ಲಿ ಒಂದು ದಿನ ಕಾರು ಮಾಡಿಕೊಂಡು ತ್ಯಾವರೆಕೊಪ್ಪದ ಸಫಾರಿಗೆ ಹೋದೆವು. ಬೇಗ ಹೊರಟಿದ್ದರಿಂದ ಅಪ್ಪನ ಕಾಫಿ ಹಿಂದುಮುಂದಾಗಿತ್ತು. ಜಾಲರಿ ಬಸ್ಸು ಗೇಟು ದಾಟಿ ಸಿಂಹಗಳ ನಡುವೆ ನಿಂತಾಗ ಅಪ್ಪ ನನ್ನ ಮೊಣಕೈ ತಿವಿದರು.

"ಸುಮಾ. ಬರ್ತಾ ಇದೆ."

"ಸಿಂಹನಾ?"

"ಅಲ್ವೇ."

ನಾನು ಡ್ರೈವರ್ ಹತ್ತಿರ ಓಡಿದೆ. ಅವನು ಹಿಂದೆ ತಿರುಗಿ, "ಅಜ್ಜಾ, ಇಲ್ಲಿ ಇಳಿದ್ರೆ ನೀವು ಹೋಗೋಕ್ ಮುಂಚೆ ಅದು ನಿಮ್ಮನ್ನ ಮುಗಿಸ್ಬಿಡುತ್ತೆ" ಅಂದ. ಬಸ್ಸೆಲ್ಲ ನಕ್ಕಿತು. ಅಪ್ಪ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು, "ಏಳು ದಿನ ಹಿಡಿದೋನು ಕಣಯ್ಯ ನಾನು. ಹತ್ತು ನಿಮಿಷ ಹಿಡಿಯಲ್ವಾ? ನಡಿ, ಹುಲಿನೂ ತೋರ್ಸು" ಅಂದು ತಾವೂ ನಗತೊಡಗಿದರು. ಮೈ ಕುಲುಕಿ ನಗುತ್ತಿದ್ದರು, ಬೆನ್ನು ಹಿಡಿದುಕೊಳ್ಳದೆ. ಅಮ್ಮ ಸಿಂಹ ನೋಡಲೇ ಇಲ್ಲ. ಅಪ್ಪನನ್ನೇ ನೋಡುತ್ತಿದ್ದಳು.

ಮಳೆಗೆ ಮುಂಚೆ ಜನ್ನಾಪುರಕ್ಕೆ ಹೋಗುತ್ತೇನೆ ಅಂದರು. ಲಗೇಜ್ ಆಟೋದಲ್ಲಿ ಕುರ್ಚಿಯೂ ಹೋಯಿತು. ರಜಾ ದಿನ ಭದ್ರಾವತಿಗೆ ತಾಯಿಯನ್ನು ನೋಡಲು ಬರುವಾಗೆಲ್ಲ ಸೆಲ್ವಿ ಸಿಸ್ಟರ್ ಅಪ್ಪನ ಹತ್ತಿರವೂ ಹೋಗಿ ಬರುವರು. ನಾವು ಏನು ಕೊಡಹೋದರೂ ತಗೊಳ್ಳಲಿಲ್ಲ, ಅಮ್ಮನ ಉಪ್ಪಿನಕಾಯಿ ಬಿಟ್ಟು.

ಜೂನ್ ಕೊನೆಯಲ್ಲಿ, ಮಳೆ ಹಿಡಿದುಕೊಂಡ ವಾರ, ಒಂದು ಮಧ್ಯಾಹ್ನ ಅಪ್ಪ ಹೋದರು. ಅಮ್ಮ ಪಕ್ಕದಲ್ಲೇ ಕೂತು ಅವರೆಕಾಳು ಆರಿಸುತ್ತಿದ್ದಳು. ಯಾವ ಗಳಿಗೆ ಅಂತ ಅವಳಿಗೂ ಗೊತ್ತಾಗಲಿಲ್ಲ.

ಮೂರನೇ ದಿನ ಮಾತಾಡಿಸಲು ಬರುವವರ ಸಾಲು. ಅತ್ತೆ, ಅಪ್ಪನ ಕಾರ್ಖಾನೆಯವರು, ಬೀದಿಯ ಹೆಂಗಸರು. ಕ್ಯಾನ್ಸರ್ ಮನೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. ದೂರದ ಸಂಬಂಧದ ಒಬ್ಬರು ಅಮ್ಮನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದರು.

"ಬಹಳ ನರಳಿದ್ರಾ?"

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ನೆಟ್ಟಗೆ ಕೂತಳು. ಹೊರಗೆ ಬಯಲಿಗೆ ಹೋಗುವುದನ್ನೂ ಸನ್ನೆಯಲ್ಲೇ ಹೇಳುತ್ತಿದ್ದ ನಮ್ಮಮ್ಮ, ತುಂಬಿದ ಹಜಾರದಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಇಲ್ಲಮ್ಮ. ನರಳಲೇ ಇಲ್ಲ. ಹೋಗೋ ದಿನಾನೂ ಬೆಳಗ್ಗೆ ಕಾಫಿ ಕುಡಿದ್ರು. ಕಕ್ಕಸಿಗೂ ಚೆನ್ನಾಗಿ ಹೋಯ್ತು."

ಕೇಳಿದವರಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕಾಫಿ ಲೋಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೆಲ್ವಿ ಸಿಸ್ಟರ್ ತುಟಿ ಕಚ್ಚಿ ತಲೆ ತಗ್ಗಿಸಿದರು, ತಟ್ಟೆಯ ಲೋಟಗಳು ಗಲಗಲ ಅಂದವು. ನಾನು ಒಳಗೆ ಓಡಿ, ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ನಗುತ್ತಾ ನಗುತ್ತಾ, ಮೂರು ದಿನದಿಂದ ಬಾರದ ಅಳು ಬಂತು.

ಹಜಾರದಲ್ಲಿ ಇನ್ಯಾರೋ ಬಂದರು, ಅದೇ ಪ್ರಶ್ನೆ ಕೇಳಿದರು. ಅಮ್ಮ ಅವರಿಗೂ ಅದನ್ನೇ ಹೇಳಿದಳು. ಅವತ್ತು ಸಂಜೆಯವರೆಗೆ, ಬಂದವರಿಗೆಲ್ಲ ಹೇಳಿದಳು.